ಜೋಡಿ ಗುಂಡು ಹಾರಿದ ಮೇಲೆ

ಮಾನ್ಯ ಅಧ್ಯಕ್ಷರಾದ ಡಾಕ್ಟರ್ ಬೆಳ್ಯಪ್ಪನವರೇ, ಸುಂಟಿಕೊಪ್ಪದ ಮಹಿಳಾ ಸಮಾಜದ ತಾಯಂದಿರೇ, ನನ್ನ ಸಾವಿಗೆಂದು ಬಂದು ಕಾಫಿ ಕುಡಿದು ಹೋದ ಸಭಿಕರೇ,

ಈ ವಾರ್ಷಿಕೋತ್ಸವದಲ್ಲಿ ನನ್ನ ಹೆಂಡತಿ ಯಮುನಳನ್ನು ಸನ್ಮಾನಿಸಿದಿರಿ. ಅವಳು ಮಾತಾಡಲು ಒಲ್ಲೆನೆಂದಳು. ಅವಳು ಉಳಿಸಿದ ಸರಕು ನಾನು. ಹಾಗಾಗಿ ನಾನೇ ಎದ್ದು ನಿಂತಿದ್ದೇನೆ.

ನಮ್ಮ ಪುಟ್ಟ ಕೊಡಗು ರಾಜ್ಯದಲ್ಲಿ ಕರೆಂಟು ಕಂಡ ಮನೆಗಳೆಷ್ಟು? ನಮ್ಮ ಮನೆಗೆ ಬಂದಾಗ, ಯಾರೂ ದಂಡಕ್ಕೆ ದೀಪ ಉರಿಸಬಾರದೆಂದು ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಜಡಿದೆ. ಕೀಲಿ ನನ್ನ ಸೊಂಟದಲ್ಲಿ. ಎಂಥ ಉಳಿತಾಯ! ಒಂದು ಸಂಜೆ ಮಳೆಯಲ್ಲಿ ನೆನೆದು ಬಂದವನು ಸ್ವಿಚ್ಚು ಹಾಕಿ, ಪೆಟ್ಟಿಗೆಗೆ ಮತ್ತೆ ಬೀಗ ಜಡಿದು, ಒದ್ದೆ ಕೈಯಲ್ಲೇ ಮೇಜಿನ ದೀಪ ಹಿಡಿದೆ. ಕೈ ಅಂಟಿಕೊಂಡಿತು. ಕೀಲಿ ಬೇಕೆಂದರೆ ನನ್ನನ್ನು ಮುಟ್ಟಬೇಕು. ಮುಟ್ಟಿದವರು ಉಳಿಯುತ್ತಾರೆಯೇ?

ಮುಂದಿನದೆಲ್ಲ ಕೇಳಿ ತಿಳಿದದ್ದು. ನನ್ನ ತಮ್ಮ ಮೊಣ್ಣಪ್ಪ ಎಳೆಯಲು ಓಡಿ ಬಂದನಂತೆ. ಯಮುನ ಅವನನ್ನು ಅತ್ತ ನೂಕಿ, ಒಣ ಮಣೆಯ ಮೇಲೆ ನಿಂತು, ಒಣ ಒನಕೆಯಿಂದ ದೀಪವನ್ನು ನನ್ನ ಕೈಯಿಂದ ಹೊಡೆದು ಕೆಡವಿದಳು. ನನಗೆ ಉಸಿರಿಲ್ಲ. ಡಾಕ್ಟರ್ ಬೆಳ್ಯಪ್ಪನವರಿಗೆ ಹೇಳಿಕಳಿಸಿ, ನನ್ನನ್ನು ಬೋರಲು ಮಲಗಿಸಿ, ಇದೇ ಸಮಾಜದ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಕಲಿತಂತೆ, ಉಸಿರು ಬರಲೆಂದು ಬೆನ್ನು ಒತ್ತಿ ಒತ್ತಿ ಬಿಡತೊಡಗಿದಳು.

"ಕೆಸರಲ್ಲಿ ಹೂತಿಡಿ, ಕರೆಂಟು ಇಳೀತದೆ" ಎಂದರು ಪಕ್ಕದ ಮನೆಯವರು. ಮೊಣ್ಣಪ್ಪ ನನ್ನ ಮುಖ ನೋಡಿದ. "ಅತ್ತಿಗೆ, ಅಣ್ಣ ಹೋದ" ಎಂದವನೇ ಅಂಗಳಕ್ಕಿಳಿದು ಕೋವಿ ಎತ್ತಿದ. ಮನೆಯಲ್ಲಿ ಸಾವಾಯಿತೆಂದು ಊರಿಗೆ ಸಾರುವ ಜೋಡಿ ಗುಂಡು!

ಆ ಸದ್ದು ಕೇಳಿದ ಮೇಲೆ ನಮ್ಮಲ್ಲಿ ಯಾರು ಔಷಧಿ ತರುತ್ತಾರೆ? ಅರ್ಧ ದಾರಿಗೆ ಬಂದಿದ್ದ ಡಾಕ್ಟರ್ ಸಾವಿನ ಉಡುಪು ತೊಡಲು ಮನೆಗೆ ಜೀಪು ತಿರುಗಿಸಿದರು. ತಪ್ಪಲ್ಲ ಸ್ವಾಮಿ, ನೀವೂ ಕೊಡಗಿನವರೇ. ಅಂಗಳ ತುಂಬ ಜನ. ಎಲ್ಲರೂ ಕೈಕಟ್ಟಿ ನಿಂತವರು.

ಒಬ್ಬಳ ಕೈ ಮಾತ್ರ ನಿಲ್ಲಲಿಲ್ಲ. "ಗುಂಡು ಹೊಡಿಯಕ್ಕೆ ಯಾರ್ ಹೇಳಿದ್ದು ನಿಂಗೆ? ನಾನಿನ್ನೂ ಅತ್ತಿಲ್ಲ!" ಎಂದಳಂತೆ.

ನಾನು ಕೆಮ್ಮಿದೆ. ಆಗ ಅತ್ತಳು.

ಬಿಳಿ ಬಟ್ಟೆಯುಟ್ಟು ಸಾವಿಗೆ ಬಂದ ಡಾಕ್ಟರರಿಗೆ ಜಗಲಿಯಲ್ಲಿ ಕೂತಿದ್ದ ನಾನೇ ಕಾಫಿ ಕೊಡಿಸಿದೆ.

ಸ್ವಿಚ್ಚಿನ ಪೆಟ್ಟಿಗೆಗೆ ಈಗ ಬೀಗವಿಲ್ಲ. ನಿಮ್ಮಲ್ಲೂ ಬೇಡ. ಕೋವಿಗೆ ಬೇಕಾದರೆ ಹಾಕಿ.

ಸಮಾಜದ ತಾಯಂದಿರಿಗೆ ನಾನು ಋಣಿ. ಇನ್ನು ಕೂರುತ್ತೇನೆ. ಮೊಣ್ಣಪ್ಪಾ, ಕೂತದ್ದಷ್ಟೇ ಕಣೋ, ಅವಸರ ಮಾಡಬೇಡ. ಎಲ್ಲರಿಗೂ ನಮಸ್ಕಾರ.