ತಣ್ಣೀರಲ್ಲಿ ನಾದಿದ ಹಿಟ್ಟು

ಸೊಲ್ಲಾಪುರ ರಸ್ತೆಯ ದವಾಖಾನೆಯೊಂದರಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು. ತಂಗಿ ಹೊಟ್ಟೆ ಹಿಡಿದುಕೊಂಡಿದ್ದಳು. ಅಕ್ಕನ ತೊಡೆಯ ಮೇಲೆ ಬಿಸಿ ರೊಟ್ಟಿಯ ಗಂಟಿತ್ತು.

“ಏನ್ ತಿಂದಿ? ಖರೇ ಹೇಳ ಶೈಲಾ.”

“ಜ್ವಾಳದ ಹಿಟ್ಟು ಯಕ್ಕಾ. ಹಸೀದು.”

“ಹಸಿ ಹಿಟ್ಟು ಯಾರರ ತಿಂತಾರೇನ?”

“ಬೇಯಿಸಿದ್ದು ತಿನ್ನೂದು ಬಿಟ್ಟೇನಿ. ಮನಿ ಮಂದಿಗೆಲ್ಲ ರೊಟ್ಟಿ ಬಡೀತೇನಿ, ನಾ ಬರೇ ಸೌತಿಕಾಯಿ ತಿಂತೇನಿ. ನಿನ್ನೆ ತಡಕೊಳ್ಳಾಕ ಆಗಲಿಲ್ಲ. ತಣ್ಣೀರಾಗ ನಾದಿದೆ. ಕುದ್ದ ನೀರು ಹಾಕಿದ್ರ ಬೇಯಿಸಿದಂಗ ಆಗತಿತ್ತು.”

“ಹುಚ್ಚಿ! ಯಾರ್ ಹೇಳ್ಯಾರ ನಿನಗ ಇದನ್ನ?”

“ಸಕ್ಕರಿ ಬ್ಯಾನ್ಯಾಗ ಅವ್ವನ ಕಾಲು ತಗದ್ರಲ್ಲ. ಈಗ ನನಗೂ ಬಂದೈತಿ. ಬೇಯಿಸಿದ್ದು ಬಿಟ್ರ ಸಕ್ಕರಿ ಇಳೀತೈತಿ ಅಂತ ಮೊಬೈಲಿನ್ಯಾಗ ನೋಡೇನಿ.”

ಒಳಗಿನಿಂದ ಶೈಲಾ ಎಂದು ಕೂಗಿದರು. ಇಬ್ಬರೂ ಎದ್ದರು.

“ರೊಟ್ಟಿ ಗಂಟು ಇತ್ಲಾಗ ಕೊಡ ಯಕ್ಕಾ.”

“ತಿನ್ನಾಕೇನ?”

“ಇಲ್ಲ. ಬೆಚ್ಚಗ ಐತಿ, ಹೊಟ್ಟಿಗಿ ಹಿಡಕೋತೇನಿ.”