ಯಾರೂ ಹೇಳಿಕೊಡಬೇಡಿ

ಈ ಸಭೆಗೂ ನಮ್ಮ ಅಜ್ಜಂಪುರ ಫುಟಿ ಕ್ಲಬ್ಬಿಗೂ ಅಧ್ಯಕ್ಷರಾಗಿರುವ ಮಾನ್ಯ ಮಲ್ಲಿಕಾರ್ಜುನಯ್ಯನವರೇ, ಅಷ್ಟು ದೂರದಿಂದ ಬಂದು ನಮ್ಮೂರ ಸೊಳ್ಳೆಗಳನ್ನು ನಗುನಗುತ್ತಾ ಸಹಿಸಿಕೊಂಡಿರುವ ಮುಖ್ಯ ಅತಿಥಿಗಳೇ, ಕೋಚ್ ಭೈರೇಶ್ ಅವರೇ, ವೇದಿಕೆಯ ಮೇಲೆ ಸಾಲಾಗಿ ಕುಳಿತಿರುವ ನಮ್ಮ ಆಟಗಾರ್ತಿಯರೇ, ಹಿಂದಿನಿಂದ ಕೇಸರಿಬಾತಿನ ವಾಸನೆ ಕರೆಯುತ್ತಿದ್ದರೂ ಜಾಗ ಬಿಟ್ಟು ಅಲುಗಾಡದ ಸಭಿಕರೇ, ನಿಮಗೆಲ್ಲ ಯಶೋಧರಾ ಟೀಚರ್ ಕೈ ಮುಗಿಯುತ್ತಾಳೆ.

ಇವತ್ತು ನನ್ನನ್ನು ಟೀಚರ್ ಎಂದು ಕರೆದಿಲ್ಲ, ಸನ್ಮಾನಿತೆಯ ತಾಯಿ ಎಂದು ಕರೆದಿದ್ದಾರೆ. ನನ್ನ ಮಗಳು ಅಕ್ಷತಾ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾಗಿದ್ದಾಳೆ. ಸಂಜೆಯ ರೈಲಿಗೆ ಹೊರಡಬೇಕು. ಮನೆ ಬಿಡುವಾಗಲೇ ಅವಳು ನನಗೆ ತಾಕೀತು ಮಾಡಿದ್ದಾಳೆ: "ಅಮ್ಮಾ, ಎರಡೇ ಮಾತು. ಥ್ಯಾಂಕ್ಸ್ ಅನ್ನು, ಇಳಿದ್ಬಿಡು. ಬೇರೆ ಏನೂ ಬೇಡ ಕಣಮ್ಮಾ." ಆಗಲಿ ಎಂದಿದ್ದೇನೆ. ಮೂರನೇ ಸಾಲಿನಲ್ಲಿ ನಮ್ಮ ಯಜಮಾನರು ಪ್ರಕಾಶ್ ಈಗಾಗಲೇ ಕೈಗಡಿಯಾರ ತೋರಿಸುತ್ತಿದ್ದಾರೆ. ಇರ್ರೀ, ಇನ್ನೂ ಶುರುವೇ ಮಾಡಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳ ಕೈಗೆ ಮೈಕ್ ಕೊಟ್ಟು ಎರಡು ಮಾತು ಎಂದರೆ ಆಗುತ್ತದೆಯೇ?

ಮೊದಲು ಈ ಆಟದ ಬಗ್ಗೆ. ಭೈರೇಶ್ ಅವರು ಯಾವುದೋ ತರಬೇತಿಗೆಂದು ಹೋದವರು ವಾಪಸು ಬರುವಾಗ ಚೀಲದಲ್ಲಿ ಒಂದು ಚೆಂಡು ತಂದರು. ನೋಡಿದರೆ ಕೋಳಿಮೊಟ್ಟೆಯ ಆಕಾರ! "ಇದೇನ್ ಸಾರ್, ಚೆಂಡಿನ ಮೇಲೆ ಲಾರಿ ಹತ್ತಿತ್ತಾ?" ಎಂದು ಊರೆಲ್ಲ ನಕ್ಕಿತು. ಆಸ್ಟ್ರೇಲಿಯಾದವರ ಫುಟ್‌ಬಾಲ್ ಅಂತೆ, ಅವರ ಬಾಯಲ್ಲಿ ಫುಟಿ. ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಬಹುದು, ಎದುರಾಳಿಯ ಹೆಗಲಿನ ಮೇಲೆ ಮೊಣಕಾಲಿಟ್ಟು ಹಾರಿ ಆಕಾಶದಲ್ಲಿರುವ ಚೆಂಡನ್ನು ಕಿತ್ತುಕೊಳ್ಳಬಹುದು. ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೋ ಆ ದೇವರಿಗೂ ಗೊತ್ತಿಲ್ಲ. ನಮ್ಮೂರ ಹೆಣ್ಣುಮಕ್ಕಳಿಗೆ ಇದು ಹಿಡಿಸಿತು. ಯಾಕೆ ಹಿಡಿಸಬಾರದು? ಯಾರಿಗೂ ಗೊತ್ತಿಲ್ಲದ ಆಟದಲ್ಲಿ "ನಿನಗೆ ಬರಲ್ಲ ಬಿಡು" ಎಂದು ಹೇಳುವ ಗಂಡಸೇ ಇರಲಿಲ್ಲ.

ಆಮೇಲೆ ಜಗಳಗಳು ಬಂದವು. ಕ್ಲಬ್ಬು ಎಂದ ಮೇಲೆ ಜಗಳವಿಲ್ಲದೆ ಹೇಗೆ? ಅಜ್ಜಂಪುರವೇ ಬೇರೆ ತಾಲ್ಲೂಕಾಯಿತು, ಕ್ಲಬ್ಬಿನ ಹೆಸರಿನಲ್ಲಿ ಇನ್ನೂ ತರೀಕೆರೆ ಯಾಕೆ ಎಂದು ಒಂದು ಗುಂಪು. ಚೆಂಡು ಮೊದಲು ಉರುಳಿದ್ದು ತರೀಕೆರೆಯಲ್ಲಿ ಎಂದು ಇನ್ನೊಂದು ಗುಂಪು. ಕೊನೆಗೆ ಕ್ಲಬ್ಬೇ ಎರಡಾಗಿ ಹೋಯಿತು. ಅದಾದ ಮೇಲೆ ಚಡ್ಡಿಯ ಜಗಳ. ಹುಡುಗಿಯರು ಮಂಡಿಯ ಮೇಲೆ ಚಡ್ಡಿ ಹಾಕಬಾರದೆಂದು ಇದೇ ಭವನದಲ್ಲಿ ಸಭೆ ಸೇರಿತ್ತು. ಆವತ್ತು ಎದ್ದು ನಿಂತು, "ನಿಮ್ಮ ಮನೆ ಗಂಡುಮಕ್ಕಳು ಪಂಚೆ ಎತ್ತಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಲ್ತಾರಲ್ಲ, ಆಗ ನಿಮ್ಮ ಕಣ್ಣು ಎಲ್ಲಿಗೆ ಹೋಗಿತ್ರೀ?" ಎಂದು ಕೇಳಿದವಳು ನಾನೇ. ಚಪ್ಪಾಳೆ ಬೇಡ, ದಯವಿಟ್ಟು ಬೇಡ. ಅದನ್ನು ಈಗ ಯಾಕೆ ನೆನಪಿಸಿದೆ ಎಂದರೆ, ಮುಂದೆ ನಾನು ಹೇಳುವ ಮಾತಿಗೆ "ಹಳೇ ಕಾಲದ ತಾಯಿ, ಮಗಳನ್ನು ಹೊರಗೆ ಬಿಡೋಕೆ ಹೆದರ್ತಾಳೆ" ಎಂದು ಯಾರೂ ಅನ್ನಬಾರದು. ಬೆಳಿಗ್ಗೆ ಎಬ್ಬಿಸಿ ಮೈದಾನಕ್ಕೆ ಕಳಿಸಿದವಳು ನಾನು. ಮೊಟ್ಟೆ ಬೇಯಿಸಿ ಕೊಟ್ಟವಳು ನಾನು. ಅವಳು ಹಾರಿದಾಗ ಎಲ್ಲರಿಗಿಂತ ಮೊದಲು ಕಿರುಚುತ್ತಿದ್ದವಳೂ ನಾನೇ.

ಈ ಬ್ಯಾನರ್ ನೋಡಿ. ಎಷ್ಟು ಚಂದದ ಚಿತ್ರ! ಹೋದ ಭಾನುವಾರ ತರೀಕೆರೆಯ ಪಂದ್ಯದಲ್ಲಿ ಅಕ್ಷತಾ ಗೆಲುವಿನ ಗೋಲು ಒದೆಯುತ್ತಿರುವುದು. ಈ ಗೋಲನ್ನು ನೋಡಿಯೇ ಆಯ್ಕೆಗಾರರು ಅವಳ ಹೆಸರು ಬರೆದುಕೊಂಡರು. ಸರಿ. ಆದರೆ ಗೋಲಿಗೆ ಸ್ವಲ್ಪ ಮೊದಲು ಏನಾಯಿತು ಎಂಬುದು ಬ್ಯಾನರಿನಲ್ಲಿ ಇಲ್ಲ. ಹೇಳಲೇ? ಹೇಳಬಾರದೆಂದು ಮಾತು ಕೊಟ್ಟಿದ್ದೇನೆ. ಅಕ್ಷತಾ, ನನ್ನನ್ನು ಹಾಗೆ ನೋಡಬೇಡ.

ಅವಳು ಚೆಂಡಿಗೆ ಹಾರಿದಳು. ಹಿಂದಿನಿಂದ ಹಾರಿದ ಹುಡುಗಿಯ ಮೊಣಕಾಲು ಇವಳ ಕಿವಿಯ ಹಿಂದೆ ಬಡಿಯಿತು. ಬಿದ್ದಳು. ಬಿದ್ದವಳು ಕೈ ಕೂಡ ಊರಲಿಲ್ಲ. ಭೈರೇಶ್ ಓಡಿ ಬಂದರು, ಐಸ್‌ಕ್ಯಾಂಡಿಯವನ ಡಬ್ಬಿಯಿಂದ ಐಸು ತೆಗೆದು ಒತ್ತಿದರು. ಕಣ್ಣು ಬಿಟ್ಟಳು. ತಲೆಗೆ ಏಟು ಬಿದ್ದವರನ್ನು ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಕು ಎಂದು ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ. ಕೇಳಿದರು, ಪಾಪ. ಕೇಳಲಿಲ್ಲ ಎಂದು ನಾನು ಹೇಳುವುದಿಲ್ಲ.

"ಅಕ್ಷತಾ, ಇದು ಯಾವೂರಮ್ಮಾ?"

ಸುತ್ತ ನಿಂತಿದ್ದ ಜನವೆಲ್ಲ ಒಟ್ಟಿಗೆ, "ತರೀಕೆರೆ!"

ಇವಳು, "ತರೀಕೆರೆ."

"ಎದುರಿಗೆ ಆಡ್ತಿರೋದು ಯಾರು?"

"ತರೀಕೆರೆಯೋರೇ ಕಣೇ, ಹೇಳೇ!" ಅದು ನಮ್ಮ ತನುಜಾ, ಇವಳ ಜೀವದ ಗೆಳತಿ.

"ತರೀಕೆರೆಯೋರು."

"ಯಾರು ಮುಂದಿದಾರೆ?"

"ನಾವೇ ಹಿಂದಿದೀವಿ, ಎದ್ದೇಳಮ್ಮಾ!" ಇಡೀ ಮೈದಾನವೇ ಕೂಗಿತು. ಚಪ್ಪಾಳೆ, ಸಿಳ್ಳೆ. ಎದ್ದಳು. ಆಡಿದಳು. ಗೋಲು ಹೊಡೆದಳು.

ನಗುತ್ತೀರಿ. ನಗು ಬರುವಂಥದೇ. ನಮ್ಮ ಜನಕ್ಕೆ ಯಾರಾದರೂ ಉತ್ತರ ಗೊತ್ತಿಲ್ಲದೆ ಒದ್ದಾಡುವುದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ತರಗತಿಯಲ್ಲಿ ಒಬ್ಬನನ್ನು ಪ್ರಶ್ನೆ ಕೇಳಿದರೆ ಹಿಂದಿನ ಬೆಂಚು ಉತ್ತರ ಕೊಡುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಅಜ್ಜಿಯನ್ನು "ಎಲ್ಲಿಗೆ?" ಎಂದರೆ ನಾಲ್ಕು ಜನ "ಬೀರೂರಿಗೆ ಕಣ್ರೀ" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳಿಕೊಡುತ್ತೀರಿ. ಆ ಪ್ರೀತಿ ನೆನೆದರೆ ನನಗೆ ಹೆದರಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ.

ಪಂಚನಹಳ್ಳಿ ನನ್ನ ತವರು. ನನಗೊಬ್ಬ ತಮ್ಮನಿದ್ದ, ಕೆಂಪರಾಜು. ಕಬಡ್ಡಿ ಆಟಗಾರ. ಅವನು ತೊಡೆ ತಟ್ಟಿದರೆ ಅಂಗಳದಾಚೆಗೆ ಕೇಳುತ್ತಿತ್ತು. ಒಂದು ಸಲ ಹಿಡಿತಕ್ಕೆ ಸಿಕ್ಕು ತಲೆ ಕೆಳಗಾಗಿ ಬಿದ್ದ. ರೆಫರಿ ಬಗ್ಗಿ, "ನಿಮ್ಮಪ್ಪನ ಹೆಸ್ರೇನೋ?" ಎಂದು ಕೇಳಿದರು. ಊರಿಗೆ ಊರೇ "ಮಂಜಪ್ಪ! ಮಂಜಪ್ಪ!" ಎಂದು ಕೂಗಿತು. ಅವನು ಒಂದೊಂದೇ ಮುಖ ನೋಡಿದ. ಗುರುತಿಲ್ಲದವರ ಮನೆಗೆ ಬಂದವನ ಹಾಗೆ ನೋಡಿದ. ಆಮೇಲೆ "ಮಂಜಪ್ಪ" ಎಂದ. "ಹುಲಿ ಕಣಲೇ!" ಎಂದು ಮತ್ತೆ ಅಂಗಳಕ್ಕೆ ಬಿಟ್ಟರು. ಆವತ್ತು ಏನೂ ಆಗಲಿಲ್ಲ. ಮುಂದಿನ ವಾರ ಕಡೂರಿನ ಟೂರ್ನಮೆಂಟಿನಲ್ಲಿ ಯಾರೋ ಹೆಗಲಿಗೆ ತಾಗಿದರು, ಅಷ್ಟೇ. ಕೂತುಕೊಂಡ. "ಅಕ್ಕಾ, ಲೈಟ್ ಯಾಕ್ ಆರ್ಸಿದ್ರು?" ಎಂದ. ಮಟಮಟ ಮಧ್ಯಾಹ್ನ. ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ನನ್ನ ಮಡಿಲಲ್ಲೇ...

ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ನೀರು ಬೇಡ, ಸರಿಯಾಗಿದ್ದೇನೆ. ಪ್ರಕಾಶ್, ನೀವು ಕೂತ್ಕೊಳ್ರೀ.

ಭಾನುವಾರ ಮನೆಗೆ ಬಂದ ಮೇಲೆ ನಮ್ಮತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. "ನೋಡು, ಎಂಥಾ ಕೆಟ್ಟ ದೃಷ್ಟಿ ಆಗಿತ್ತು ಕೂಸಿಗೆ, ಈಗ ಹೋಯ್ತು" ಎಂದರು. ಆ ಸಂಜೆ ಅಕ್ಷತಾ ಕಿಟಕಿ ಮುಚ್ಚು ಎಂದಳು, ಬೆಳಕು ಚುಚ್ಚುತ್ತದೆಯಂತೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡಿದಳು. ಮಾರನೆಯ ದಿನ ನನ್ನ ಪಕ್ಕ ಕುಳಿತು ಮೊಬೈಲಿನಲ್ಲಿ ಪಂದ್ಯದ ವಿಡಿಯೋ ನೋಡುತ್ತಾ ಮೆಲ್ಲಗೆ ಕೇಳಿದಳು: "ಅಮ್ಮಾ, ಈ ಗೋಲು ಹೊಡೆದದ್ದು ನಾನೇನಾ?"

ಸಭಿಕರೇ, ನೀವು ಬ್ಯಾನರಿನಲ್ಲಿ ಹಾಕಿಸಿದ ಗೋಲು ನನ್ನ ಮಗಳಿಗೆ ಗೊತ್ತೇ ಇಲ್ಲ. ಅದನ್ನು ವಿಡಿಯೋ ನೋಡಿ ಬಾಯಿಪಾಠ ಮಾಡಿದ್ದಾಳೆ. ಯಾರು ಕೇಳಿದರೂ ಹೇಳುತ್ತಾಳೆ.

ಡಾಕ್ಟರ್ ಹತ್ತಿರ ಹೋಗಲಿಲ್ಲವೇ ಎನ್ನುತ್ತೀರಿ. ಹೋದೆವು. ಅವರು ವಾಂತಿ ಆಯಿತೇ ಎಂದರು, ಇಲ್ಲ ಎಂದಳು. ತಲೆನೋವಿದೆಯೇ ಎಂದರು, ಇಲ್ಲ ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ನನ್ನ ಕೈ ಹಿಚುಕಿದಳು. ಆದರೂ ಹೇಳಿದೆ. ಅವರು ಯಾವುದಕ್ಕೂ ಶಿವಮೊಗ್ಗದಲ್ಲಿ ಒಂದು ಸ್ಕ್ಯಾನ್ ಮಾಡಿಸಿ ಎಂದರು. ಹೊರಗೆ ಬಂದವಳೇ ಕಾಲು ಹಿಡಿದುಕೊಂಡಳು: "ಸ್ಕ್ಯಾನ್ ಅಂದ್ರೆ ಕ್ಯಾಂಪಿಂದ ತೆಗೆದ್‌ಬಿಡ್ತಾರೆ ಕಣಮ್ಮಾ. ನನ್ನ ಜಾಗಕ್ಕೆ ಕಾಯ್ತಾ ಇರೋರು ಎಷ್ಟ್ ಜನ ಗೊತ್ತಾ?" ಭೈರೇಶ್ ಅವರು, "ಕ್ಯಾಂಪ್ ಮುಗಿಸ್ಕೊಂಡ್ ಬರ್ಲಿ ಬಿಡಿ ಮೇಡಂ" ಎಂದರು. ಅಧ್ಯಕ್ಷರು, "ಊರಿನ ಮರ್ಯಾದೆ ಪ್ರಶ್ನೆ" ಎಂದರು. ಪ್ರಕಾಶ್, "ಮಗು ಖುಷಿಯಾಗಿದಾಳೆ ಕಣೇ" ಎಂದರು. ಸ್ಕ್ಯಾನ್ ಆಗಲೇ ಇಲ್ಲ. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಅವಳ ಮೇಲೆ ಪ್ರಾಣ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಒಂದು ಸಲ ಆ ಬುದ್ಧಿ ಬಂದಿದೆ. ಇನ್ನೊಂದು ಸಲ ಬರುವುದು ನನಗೆ ಬೇಡ.

ಹಾಗಿದ್ದೂ, ನಿಜ ಹೇಳುತ್ತೇನೆ, ಈ ಮೆಟ್ಟಿಲು ಹತ್ತುವಾಗ ನಾನು ಥ್ಯಾಂಕ್ಸ್ ಹೇಳಿ ಇಳಿಯುವವಳೇ ಇದ್ದೆ. ಭಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ರೈಲು ಹತ್ತಿಸುವವಳೇ ಇದ್ದೆ. ಅಷ್ಟರಲ್ಲಿ ನೀವು ಸನ್ಮಾನ ಮಾಡಿದಿರಿ. ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಆಮೇಲೆ ಅಧ್ಯಕ್ಷರು ತಾವೇ ಎದ್ದು ಬಂದು ಮೈಸೂರು ಪೇಟ ತೊಡಿಸಿದರು. ಪೇಟ ಸಣ್ಣದಿತ್ತು. ಸನ್ಮಾನದ ಪೇಟ ಯಾರ ತಲೆಗೆ ಸರಿಹೋಗುತ್ತದೆ? ಎರಡು ಕೈಯಿಂದ ಒತ್ತಿದರು. ಅಕ್ಷತಾ ಕಣ್ಣು ಮುಚ್ಚಿದಳು. ನಾಚಿಕೊಂಡಳು ಎಂದು ನೀವು ಚಪ್ಪಾಳೆ ತಟ್ಟಿದಿರಿ. ನಾನು ಪಕ್ಕದಲ್ಲೇ ಇದ್ದೆ. ಅವಳ ತುಟಿ ಬಿಳಚಿಕೊಂಡದ್ದು ನೋಡಿದೆ. ಪೇಟ ತೆಗೆದು ಮಡಿಲಿಗೆ ಇಟ್ಟುಕೊಂಡಳು. ಆಮೇಲೆ ಎದುರಿಗಿರುವ ನಿಮ್ಮ ಮುಖಗಳನ್ನು ಒಂದೊಂದಾಗಿ ನೋಡತೊಡಗಿದಳು. ಆ ನೋಟ ನನಗೆ ಗೊತ್ತು. ಪಂಚನಹಳ್ಳಿಯ ಅಂಗಳದಲ್ಲಿ ನೋಡಿದ್ದೇನೆ.

ಅದಕ್ಕೇ ಈಗ ನಿಮ್ಮೆಲ್ಲರಲ್ಲಿ ಒಂದು ಪ್ರಾರ್ಥನೆ. ನಾನು ನನ್ನ ಮಗಳಿಗೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಈ ಭವನದಲ್ಲಿ ಕುಳಿತಿರುವ ಚಿಕ್ಕ ಮಗುವಿಗೂ ಅದರ ಉತ್ತರ ಗೊತ್ತು. ಯಾರೂ ಹೇಳಿಕೊಡಬೇಡಿ. ತುಟಿ ಕೂಡ ಅಲ್ಲಾಡಿಸಬೇಡಿ. ತನುಜಾ, ನೀನು ಅವಳ ಪಕ್ಕದಿಂದ ಎದ್ದು ಈ ಕಡೆ ಬಾ. ಬಾರೇ ಕೂಸೇ, ಅಳಬೇಡ, ನಿನ್ನದೇನೂ ತಪ್ಪಿಲ್ಲ. ನನ್ನ ಹಿಂದೆ ನಿಂತುಕೋ. ಅವಳು ಸರಿಯಾಗಿ ಹೇಳಿಬಿಟ್ಟರೆ ನಾನೇ ಅವಳ ಚೀಲ ಹೊತ್ತು ಸ್ಟೇಷನ್ನಿಗೆ ಬರುತ್ತೇನೆ. ನಿಮ್ಮೆಲ್ಲರ ಮುಂದೆ ಕಿವಿ ಹಿಡಿದುಕೊಳ್ಳುತ್ತೇನೆ. ದೇವರೇ, ಹೇಳಿಬಿಡಲಿ.

ಅಕ್ಷತಾ. ಏಳಬೇಡ ಮಗಳೇ, ಕೂತೇ ಹೇಳು. ನನ್ನ ಮೇಲೆ ಆಮೇಲೆ ಸಿಟ್ಟು ಮಾಡಿಕೋ. ಈಗ ಸ್ವಲ್ಪ ಹೊತ್ತಿನ ಹಿಂದೆ ನಿನಗೆ ಪೇಟ ತೊಡಿಸಿದವರು ಯಾರು?

ಯಾರೂ ಹೇಳಬೇಡಿ.

ನನ್ನ ಮುಖ ನೋಡು. ಅಪ್ಪನನ್ನು ನೋಡಬೇಡ, ತನುಜಾನನ್ನು ಹುಡುಕಬೇಡ. ಅವಸರವಿಲ್ಲ, ನೆನಪು ಮಾಡಿಕೋ.

ಏನಂದೆ? ಮೈಕ್ ಹತ್ತಿರ ತರುತ್ತೇನೆ, ಇನ್ನೊಂದು ಸಲ ಹೇಳು ಕಂದಾ.

ಹಿಂದಿನ ಸಾಲಿನವರಿಗೆ ಕೇಳಿಸಿತೇ? "ಯಾವ ಪೇಟ?" ಎಂದಳು. ಎರಡು ಕೈಯಲ್ಲೂ ಅದನ್ನೇ ಹಿಡಿದುಕೊಂಡು ಕುಳಿತಿದ್ದಾಳೆ.

ಅಧ್ಯಕ್ಷರೇ, ತಲೆ ತಗ್ಗಿಸಬೇಡಿ, ಅದಕ್ಕೆ ಈಗ ಹೊತ್ತಿಲ್ಲ. ನಿಮ್ಮ ಕಾರು ಬಾಗಿಲಲ್ಲೇ ಇದೆ, ಡ್ರೈವರನ್ನು ಕರೆಯಿರಿ. ಭೈರೇಶ್, ಅವಳ ಒಂದು ಕಡೆ ನೀವು ಹಿಡಿದುಕೊಳ್ಳಿ, ಇನ್ನೊಂದು ಕಡೆ ಅವರಪ್ಪ ಬರುತ್ತಾರೆ. ಮೆಲ್ಲಗೆ, ಕುತ್ತಿಗೆ ಅಲುಗಾಡದ ಹಾಗೆ. ಮುಖ್ಯ ಅತಿಥಿಗಳೇ, ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ನಿಮಗೆ ಪರಿಚಯವಿದ್ದರೆ ಈಗಲೇ ಒಂದು ಫೋನ್ ಮಾಡಿ. ರೈಲು ಹೋದರೆ ಹೋಗಲಿ, ನಾಳೆಯೂ ರೈಲಿದೆ.

ನನ್ನ ಮಗಳನ್ನು ಇಷ್ಟು ಎತ್ತರಕ್ಕೆ ಹಾರಿಸಿದ ನಿಮಗೆಲ್ಲ ನಾನು ಋಣಿ. ಅವಳು ಹೇಳು ಎಂದಿದ್ದ ಥ್ಯಾಂಕ್ಸ್ ಹೇಳಿದ್ದೇನೆ. ಈಗ ಎಲ್ಲರೂ ದಾರಿ ಬಿಡಿ. ಚಪ್ಪಾಳೆ ಬೇಡ, ಅವಳಿಗೆ ಸದ್ದು ಆಗುವುದಿಲ್ಲ. ನಮಸ್ಕಾರ.