ಒಂದು ಡಿಸ್ಕು, ಹದಿನೇಳು ಗುರುತು

...ನಗ್ಬೇಡಿ ಮೇಡಂ. ಹತ್ತು ಗಂಟೆ ವಿಡಿಯೋನ ಒಂದೇ ಡಿಸ್ಕಿಗೆ ತುಂಬೋದು ಅಂದ್ರೆ, ಮದುವೆ ಮನೆಯೋರನ್ನೆಲ್ಲ ಒಂದೇ ಆಟೋದಲ್ಲಿ ಕೂರ್ಸಿದ ಹಾಗೆ. ಕೂರ್ಸ್ಬಹುದು. ಯಾರ ಕಾಲು ಎಲ್ಲಿದೆ ಅಂತ ಕೇಳ್ಬಾರ್ದು, ಅಷ್ಟೆ.

ಹಟ ನಿಮ್ಮ ಭಾವನವರದ್ದು ತಾನೆ? ಪೆನ್ ಡ್ರೈವಲ್ಲಿ ಕೊಡ್ತೀನಿ ಅಂದೆ. ಬೇಡ, ಅದು ಎಲ್ಲಾದ್ರೂ ಕಳ್ದೋಗತ್ತೆ ಅಂದ್ರು. ಐದು ಕ್ಯಾಸೆಟ್ ಇದೆ, ಐದು ಡಿಸ್ಕ್ ಮಾಡ್ಲಾ ಅಂದೆ. ಅದೂ ಬೇಡ. ಒಂದೇ ಇರ್ಬೇಕು, ನಿಮ್ಮಕ್ಕ ಸುನಿತಾ ಅವರ ಮದುವೆ ಸೀರೆ ಮಡಿಕೆ ಒಳಗೆ ಇಡೋಕೆ. ಒಂದು ನಿಮಿಷಾನೂ ಕಟ್ ಆಗ್ಬಾರ್ದು. ಭಾನುವಾರ ಇಪ್ಪತ್ತೈದನೇ ವರ್ಷದ ಫಂಕ್ಷನ್ನು, ಬನಶಂಕರಿ ಹಾಲ್‌ನಲ್ಲಿ ಪರದೆ ಕಟ್ಟಿ ತಾಳಿ ಕಟ್ಟೋ ಸೀನು ಎಲ್ರಿಗೂ ತೋರಿಸ್ಬೇಕು... ಗೊತ್ತು ಮೇಡಂ. ಈ ವಾರದಲ್ಲಿ ನಾಲ್ಕು ಸಲ ಬಂದ್ರಿ, ನಾಲ್ಕು ಸಲಾನೂ ಹೇಳಿದ್ರಿ. ಅದಕ್ಕೇ ನಿದ್ದೆಗೆಟ್ಟು ಸಾಫ್ಟ್‌ವೇರ್ ಹುಡುಕಿದೀನಿ ಅಂತೀನಿ. ಕೂತ್ಕೊಳ್ಳಿ, ಆ ಸ್ಟೂಲ್ ಅಲ್ಲಾಡತ್ತೆ, ಈ ಕುರ್ಚಿ ತಗೊಳ್ಳಿ.

ಮೊದಲನೇದು ಪುಕ್ಕಟೆ ಸಿಕ್ತು. ಅದು ತುಂಬೋದೇನೋ ತುಂಬ್ತು, ಆದ್ರೆ ನಿಮ್ಮ ತಾತ ಗಂಗಾಧರಯ್ಯನವರ ಮೂಗು ಚೌಕ ಆಗೋಯ್ತು. ಹೂಂ, ನಿಜವಾಗ್ಲೂ, ಅಡುಗೆ ಮನೆ ಟೈಲ್ಸ್ ಥರ. ಎರಡನೇದು ಸಖತ್ ಫಾಸ್ಟು. ಚಿತ್ರ ಮುಂದೆ, ಸೌಂಡ್ ಹಿಂದೆ. ವಾಲಗದವರು ಊದಿ ಮುಗಿಸಿ ಕಾಫಿ ಕುಡೀತಾ ಕೂತಿದಾರೆ, ನಾದಸ್ವರ ಮಾತ್ರ ಬರ್ತಾನೇ ಇದೆ. ಇದನ್ನ ಸುನಿತಾ ಅವರಿಗೆ ಕೊಟ್ರೆ ಬೈಸ್ಕೋಬೇಕಾಗತ್ತೆ ಅಂತ ಬಿಟ್ಟೆ.

ಇದು ಮೂರನೇದು. ಇದು ಬುದ್ಧಿವಂತ ನೋಡಿ. ಎರಡು ಸಲ ನೋಡತ್ತೆ. ಒಳ್ಳೆ ಬಡಿಸೋರು ಮೊದಲು ಪಂಕ್ತಿ ಪೂರ್ತಿ ಕಣ್ಣಾಡಿಸಿ, ಆಮೇಲೆ ತಾನೆ ಪಾಯಸದ ಬಕೆಟ್ ಎತ್ತೋದು? ಹಾಗೆ. ಒಂದು ಸಲ ಹತ್ತು ಗಂಟೇನೂ ನೋಡ್ಕೊಂಡು ಬಂದು, ಎರಡನೇ ಸಲ ಜಾಗ ಹಂಚತ್ತೆ. ಖಾಲಿ ಕುರ್ಚಿಗೆ ಸ್ವಲ್ಪ ಸಾಕು, ಮುಖಕ್ಕೆ ಜಾಸ್ತಿ. ಇನ್ನೂ ಒಂದಿದೆ, ಯಾವ ಜಾಗ ಚೆನ್ನಾಗಿ ಬರ್ಬೇಕೋ ಅಲ್ಲಿ ನಾವೇ ಗುರುತು ಹಾಕ್ಬಹುದು. ಗುರುತು ಹಾಕಿದ್ದಕ್ಕೆ ಕೈ ಬಿಚ್ಚಿ ಕೊಡತ್ತೆ, ಮಿಕ್ಕಿದ್ದೆಲ್ಲ ಸ್ವಲ್ಪ ಮಸುಕು.

ತಾಳಿ ಸೀನಾ? ಬರತ್ತೆ, ಬರತ್ತೆ. ಮೊದಲು ಆರತಕ್ಷತೆ ನೋಡಿ, ಕ್ಯಾಮೆರಾ ಲೈಟ್ ಬಿದ್ದ ತಕ್ಷಣ ಉಂಡೋರೂ ಬಾಯಿ ಒರೆಸ್ಕೋತಾರೆ... ಅದು ಬೇಡ್ವಾ. ಸರಿ.

ನೋಡಿ ಮೇಡಂ, ಇಷ್ಟೊಂದು ಅದುಮಿದಾಗ ಒಂದೆರಡು ನಿಮಿಷ ಉದುರೋದು ಸಹಜ. ಸಾಫ್ಟ್‌ವೇರ್ ತಪ್ಪು, ನಮ್ಮದಲ್ಲ. ಸರಿಯಾಗಿ ಗಟ್ಟಿಮೇಳದ ಹೊತ್ತಿಗೇ ಯಾಕೆ ಉದುರ್ತು ಅಂತ ಕೇಳಿದ್ರೆ... ಅದಕ್ಕೇನು ಗೊತ್ತು ಮುಹೂರ್ತ ಯಾವುದು, ಊಟ ಯಾವುದು ಅಂತ? ಹಾಗೆ ನೋಡ್ಬೇಡಿ. ಇಲ್ಲಾಂದ್ರೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿರ್ಬೇಕು. ಇಪ್ಪತ್ತೈದು ವರ್ಷ ಅಂದ್ರೆ ಸುಮ್ನೇನಾ?

ಅಯ್ಯೋ, ಮೌಸ್ ಬಿಡಿ ಮೇಡಂ. ಆ ಲಿಸ್ಟ್ ತೆಗೀಬೇಡಿ. ಅದು... ಅದು ನಾನು ಹಾಕಿರೋ ಗುರುತುಗಳು. ಟೆಕ್ನಿಕಲ್ಲು. ನಿಮಗೆ ಬೋರ್ ಆಗತ್ತೆ.

ಹದಿನೇಳಿದೆ. ಹೌದು, ನಾನೇ ಹಾಕಿದ್ದು. ಮೊದಲನೇದು ಛತ್ರದ ಬಾಗಿಲು. ಬಂದೋರಿಗೆ ಪನ್ನೀರು ಹಾಕಿ, ಕಲ್ಲುಸಕ್ಕರೆ, ಗುಲಾಬಿ ಕೊಡೋದು. ಇಪ್ಪತ್ತು ನಿಮಿಷ ಇದೆ, ಸ್ವಲ್ಪ ಜಾಸ್ತೀನೇ ಆಯ್ತು. ಎರಡನೇದು ನಿಮ್ಮ ಹಸಿರು ಲಂಗ ದಾವಣಿ, ಮೆಟ್ಟಿಲ ಮೇಲೆ. ಮೂರನೇದು... ನೀವೇ ಓದ್ತಿದೀರಲ್ಲ, ನಾನ್ಯಾಕೆ ಹೇಳ್ಲಿ.

ನಗ್ತಿದ್ರಲ್ಲ ಇಷ್ಟೊತ್ತು, ಇನ್ನೊಂದ್ಸಲ ನಕ್ಕುಬಿಡಿ, ನಂಗೂ ಸಲೀಸಾಗತ್ತೆ.

ಸರಿ, ಕೇಳಿ. ಯಾವ ಸಾಫ್ಟ್‌ವೇರೂ ಏನೂ ಉದುರಿಸಿಲ್ಲ. ಬೂಷ್ಟೂ ಇಲ್ಲ. ತಾಳಿ ಕಟ್ಟೋದು ಕ್ಯಾಸೆಟ್‌ನಲ್ಲೇ ಇಲ್ಲ ಅನ್ನಪೂರ್ಣ ಅವರೇ. ನಾನು ಶೂಟೇ ಮಾಡ್ಲಿಲ್ಲ. ಆವಾಗ ನಂಗೆ ಇಪ್ಪತ್ಮೂರು ವರ್ಷ, ನಾನೊಬ್ನೇ ಹೋಗಿ ಶೂಟ್ ಮಾಡಿದ ಮೊದಲನೇ ಮದುವೆ. 'ಗಟ್ಟಿಮೇಳ, ಗಟ್ಟಿಮೇಳ' ಅಂದ್ರು, ಎಲ್ರೂ ಎದ್ದು ನಿಂತ್ರು, ನನ್ನ ಕ್ಯಾಮೆರಾ ಮಂಟಪದ ಎಡಗಡೆ ಕಂಬದ ಹತ್ರ ಇತ್ತು. ಅಲ್ಲಿ ನೀವಿದ್ರಿ. ನಾನು ತಿರುಗಿಸೋ ಅಷ್ಟೊತ್ತಿಗೆ ಮೂರು ಗಂಟೂ ಬಿದ್ದೋಗಿತ್ತು. ನಿಮ್ಮಪ್ಪನ ಹತ್ರ ಲೈಟ್ ಕೈಕೊಡ್ತು ಅಂತ ಸುಳ್ಳು ಹೇಳ್ದೆ. ಪಾಪ, ಪರ್ವಾಗಿಲ್ಲ ಬಿಡಪ್ಪ ಅಂತ ಕೈಗೆ ತಾಂಬೂಲ ಕೊಟ್ಟು ಕಳಿಸಿದ್ರು. ಸುನಿತಾ ಅವರಿಗೆ ಹೇಳೇ ಇಲ್ಲ ಅನ್ಸತ್ತೆ. ಅವತ್ತಿಂದ ಎಷ್ಟು ಮದುವೆ ತೆಗ್ದಿದೀನೋ ಲೆಕ್ಕ ಇಲ್ಲ, ಒಂದು ತಾಳಿನೂ ಬಿಟ್ಟಿಲ್ಲ. ನಂದೊಂದು ಮದುವೆ ಮಾತ್ರ ಬಿಟ್ಟೋಯ್ತು.

ಇದನ್ನ ಮುಚ್ಚೋಕೇ ವಾರದಿಂದ ಸಾಫ್ಟ್‌ವೇರ್ ಕಥೆ ಹೇಳ್ತಿರೋದು. ಸುನಿತಾ ಅವರಿಗೆ ಹೇಗೆ ಮುಖ ತೋರಿಸ್ಲಿ? ಇಪ್ಪತ್ತೈದು ವರ್ಷ ಆದ್ಮೇಲೆ ಪರದೆ ಮೇಲೆ ಅವರ ತಾಳಿ ಬರ್ಬೇಕಾದ ಜಾಗದಲ್ಲಿ ಅವರ ತಂಗಿ...

ಏನು? ಅದನ್ನ ಹಾಕ್ಬೇಕಾ? ಹದಿನೇಳನೇದನ್ನ? ಬೇಡಿ... ಸರಿ, ನೀವೇ ಒತ್ತಿಬಿಟ್ರಲ್ಲ.

ನೋಡಿ. ಎಲ್ರೂ ಮಂಟಪದ ಕಡೆ ತಿರುಗಿದಾರೆ. ಅಕ್ಷತೆ ಬೀಳ್ತಿದೆ. ನಿಮ್ಮ ಕೈಯಲ್ಲಿ ಮಾತ್ರ ಅಕ್ಷತೆ ಹಾಗೇ ಇದೆ, ಹಾಕೇ ಇಲ್ಲ. ನೀವು ಮಂಟಪ ನೋಡ್ತಾನೇ ಇಲ್ವಲ್ಲ... ನೀವು ನೋಡ್ತಿರೋದು...

ತಡೀರಿ, ಇನ್ನೊಂದ್ಸಲ ಹಾಕ್ತೀನಿ.

ಅಲ್ಲ, ನೀವು ಕ್ಯಾಮೆರಾನೇ ನೋಡ್ತಿದೀರಿ. ದೇವರಾಣೆಗೂ ಆವಾಗ ನಂಗೆ ಗೊತ್ತಾಗ್ಲಿಲ್ಲ. ಆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡೋ ಕಿಂಡಿ ಹೆಬ್ಬೆರಳ ಉಗುರಷ್ಟಿತ್ತು, ಅದೂ ಕಪ್ಪು ಬಿಳುಪು. ಆಮೇಲೆ ಕ್ಯಾಸೆಟ್ಟು ನಿಮ್ಮ ಮನೆಗೆ ಹೋಯ್ತು. ಈ ವಾರಾನೂ, ನಿಮ್ಮಾಣೆ, ಗುರುತು ಹಾಕೋದಷ್ಟೇ ಹಾಕಿದೀನಿ. ಇದೊಂದನ್ನ ಮಾತ್ರ ಪೂರ್ತಿ ನೋಡೋಕೆ ನಾಚಿಕೆ ಆಯ್ತು, ತಾಳಿ ತಪ್ಪಿಸಿದ ಜಾಗ ಅಂತ.

ನೀವೊಬ್ರೇ ಇರೋ ಮನೆ ಪುಟ್ಟೇನಹಳ್ಳೀಲಿ. ಅಲ್ಲೇ ಜೆಪಿ ನಗರದಲ್ಲಿ ಈ ಕೆಲಸ ಮಾಡೋ ಅಂಗಡಿ ಇದೆ. ಈ ಟ್ರಾಫಿಕ್‌ನಲ್ಲಿ ಶ್ರೀನಗರದ ನಮ್ಮ ಅಂಗಡಿ ತನಕ ನಾಲ್ಕು ಸಲ ಯಾಕೆ ಬಂದ್ರಿ ಅಂತ ನಾನು ಕೇಳ್ಲೇ ಇಲ್ಲ. ಕ್ಯಾಸೆಟ್ಟು ಇಷ್ಟು ವರ್ಷ ಇದ್ದಿದ್ದು ನಿಮ್ಮ ಬೀರುವಿನಲ್ಲಿ ಅಂತ ಬೇರೆ ಹೇಳಿದ್ರಿ. ಹಾಗಾದ್ರೆ ನೀವಿದನ್ನ... ಮುಂಚೇನೇ ನೋಡಿದೀರಾ?

ಈಗಲೂ ಹಾಗೇ ನೋಡ್ತಿದೀರಲ್ಲ.

ಭಾನುವಾರ ನಾನು ಬರ್ತೀನಿ. ಮೊದಲು ಸುನಿತಾ ಅವರಿಗೆ ನಿಜ ಹೇಳ್ತೀನಿ, ಬೈದ್ರೆ ಬೈಸ್ಕೋತೀನಿ. ಆಮೇಲೆ ನಿಮ್ಮ ಭಾವನ ಕೈಲಿ ಇನ್ನೊಂದು ಸಲ ತಾಳಿ ಕಟ್ಟಿಸಿ, ನಾನೇ ಶೂಟ್ ಮಾಡ್ತೀನಿ. ಈ ಸಲ ತಪ್ಪಲ್ಲ. ಆದ್ರೆ ಒಂದು ಉಪಕಾರ ಮಾಡಿ, ಅಲ್ಲಿ ಯಾವ ಕಂಬದ ಹತ್ರಾನೂ ನಿಂತ್ಕೋಬೇಡಿ. ಕ್ಯಾಮೆರಾ ಹಿಂದೆ, ನನ್ನ ಪಕ್ಕದಲ್ಲಿ ನಿಂತ್ಕೊಳ್ಳಿ.